ಹಳೆಯ ಮೇಲ್ ಸಿಗುತ್ತಿಲ್ಲವೇ? ಮೊದಲು ಲೇಬಲ್ ಗೀಳು ಬಿಡಿ

ಪ್ರಶ್ನೆ: ಮುಖ್ಯವಾದ ಮೇಲ್‌ಗಳಿಗೆಂದೇ ಜಿಮೇಲ್‌ನಲ್ಲಿ ಮೂವತ್ತಕ್ಕೂ ಜಾಸ್ತಿ ಲೇಬಲ್ ಮಾಡಿದ್ದೇನೆ. ಆದರೂ ಬೇಕಾದಾಗ ಏನೂ ಸಿಗುವುದಿಲ್ಲ. ಹೊಸದಾಗಿ ಹೇಗೆ ವಿಂಗಡಿಸಲಿ?

ಉತ್ತರ: ವಿಂಗಡಿಸಲೇಬೇಡಿ. ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಲೇಬಲ್ ಸಾಲಲಿಲ್ಲ ಅಂತ ಇನ್ನಷ್ಟು ಲೇಬಲ್ ಕೇಳುತ್ತಾರೆ. ಫ್ರಿಜ್ ಕೊಂಡ ರಸೀದಿ ಎಲ್ಲಿಗೆ ಹೋಗಬೇಕು? ‘ಮನೆ’ಗೋ, ‘ಬಿಲ್’ಗೋ, ‘ವಾರಂಟಿ’ಗೋ? ಇವತ್ತು ಒಂದು ಸರಿ ಅನ್ನಿಸುತ್ತದೆ, ಎರಡು ವರ್ಷ ಬಿಟ್ಟು ಹುಡುಕುವಾಗ ಇನ್ನೊಂದು. ಓದಿ ಮುಗಿದದ್ದನ್ನು ಆರ್ಕೈವ್ ಮಾಡಿ, ಅಂದರೆ ಇನ್‌ಬಾಕ್ಸ್‌ನಿಂದ ಆಚೆ ಸರಿಸಿ, ಸಾಕು. ಬೇಕಾದಾಗ ಸರ್ಚ್ ಮಾಡಿ.

ಹುಡುಕಿದರೂ ಸಿಗದಿರುವುದಕ್ಕೆ ಕಾರಣ ಬೇರೆಯೇ ಇದೆ. ಸರ್ಚ್ ಮುಖ್ಯವಾಗಿ ನೋಡುವುದು ಮೇಲ್‌ನಲ್ಲಿರುವ ಪದಗಳನ್ನು. ಫ್ರಿಜ್ ರಸೀದಿಯ ಮೇಲ್ ತೆರೆದು ನೋಡಿ: ‘ನಿಮ್ಮ ಆರ್ಡರ್ ಹೊರಟಿದೆ’ ಅನ್ನುವ ಸಬ್ಜೆಕ್ಟ್, ಒಳಗೆ ಒಂದು ಮಾಡೆಲ್ ನಂಬರ್. ಫ್ರಿಜ್ ಅನ್ನುವ ಪದವೇ ಇಲ್ಲದಿರಬಹುದು. ನೀವು ‘ಫ್ರಿಜ್ ವಾರಂಟಿ’ ಅಂತ ಹುಡುಕಿದರೆ ಅದು ಎಲ್ಲಿಂದ ಬರಬೇಕು?

ಹಾಗಾಗಿ ಮುಂದೆ ಬೇಕಾಗುತ್ತದೆ ಅನ್ನಿಸಿದ ಮೇಲ್ ಅನ್ನು ಸಬ್ಜೆಕ್ಟ್ ಬದಲಿಸದೆ ನಿಮಗೇ ಫಾರ್ವರ್ಡ್ ಮಾಡಿಕೊಳ್ಳಿ. ಮೇಲ್ಗಡೆ ಒಂದೇ ಸಾಲು: ‘ಫ್ರಿಜ್ ರಸೀದಿ ವಾರಂಟಿ ಅಡುಗೆಮನೆ’. ಚಂದದ ವಾಕ್ಯ ಬೇಡ. ಅವಸರದಲ್ಲಿ ನಿಮ್ಮ ಬೆರಳಿಗೆ ಬರುವ ಪದಗಳು ಬೇಕು. ಕನ್ನಡ ಅಕ್ಷರದಲ್ಲೂ ಬರೆಯಿರಿ, ಇಂಗ್ಲಿಷ್ ಅಕ್ಷರದಲ್ಲೂ ಬರೆಯಿರಿ. ಹುಡುಕುವ ದಿನ ಯಾವ ಕೀಬೋರ್ಡ್ ತೆರೆದಿರುತ್ತದೋ ಯಾರಿಗೆ ಗೊತ್ತು!

ಅಷ್ಟಾದರೂ ಸಿಗದಿದ್ದರೆ, ಕಂಪ್ಯೂಟರಿನಲ್ಲಿ ಸರ್ಚ್ ಪೆಟ್ಟಿಗೆಯ ಬಲತುದಿಯ ಗುರುತು ಒತ್ತಿ. ಕಳಿಸಿದವರು, ದಿನಾಂಕ, ಗಾತ್ರ, ಅಟ್ಯಾಚ್‌ಮೆಂಟ್ ಇದೆಯೇ ಅನ್ನುವುದೆಲ್ಲ ಅಲ್ಲೇ ಇದೆ. ಪದ ಮರೆತರೂ ಯಾರು ಕಳಿಸಿದ್ದು, ಸುಮಾರು ಯಾವಾಗ ಅನ್ನುವುದು ನೆನಪಿರುತ್ತದೆ ಅಲ್ವಾ? ಆ ಎರಡನ್ನು ತುಂಬಿದರೆ ಎಷ್ಟೋ ಸಲ ಕೆಲಸ ಮುಗಿಯಿತು.

ಇನ್ನೊಂದು ಮಾತು. ‘ಬಿಲ್ ನೋಡಲು ಇಲ್ಲಿ ಒತ್ತಿ’ ಅನ್ನುವ ಮೇಲ್ ಅನ್ನು ಇಟ್ಟುಕೊಂಡರೆ ಬಿಲ್ ಇಟ್ಟುಕೊಂಡಂತಲ್ಲ. ಆ ಲಿಂಕ್ ಮುಂದೊಂದು ದಿನ ಸತ್ತುಹೋಗಬಹುದು. ಅವತ್ತೇ ತೆರೆದು, ಪಿಡಿಎಫ್ ಇಳಿಸಿ, ಫಾರ್ವರ್ಡ್ ಮಾಡುವಾಗ ಅದನ್ನೂ ಲಗತ್ತಿಸಿ.

ಪ್ರಶ್ನೆ: ಆರ್ಕೈವ್ ಮಾಡಿದರೆ ಮೇಲ್ ಅಳಿಸಿಹೋಗುತ್ತದೆಯೇ?

ಉತ್ತರ: ಇಲ್ಲ. ಇನ್‌ಬಾಕ್ಸ್‌ನಿಂದ ಮರೆಯಾಗುತ್ತದೆ, ‘ಆಲ್ ಮೇಲ್’ನಲ್ಲಿ ಇದ್ದೇ ಇರುತ್ತದೆ.

ಪ್ರಶ್ನೆ: ಬೇಕಾಗಬಹುದು ಅನ್ನಿಸಿದ್ದನ್ನು ಟ್ರ್ಯಾಶ್‌ನಲ್ಲಿ ಬಿಟ್ಟಿರುತ್ತೇನೆ. ಪರವಾಗಿಲ್ಲವೇ?

ಉತ್ತರ: ಖಂಡಿತ ಬೇಡ! 30 ದಿನಕ್ಕೆ ತಾನಾಗಿ ಅಳಿಸಿಹೋಗುತ್ತದೆ.

ಪ್ರಶ್ನೆ: ಮೇಲ್ ಜಾಸ್ತಿಯಾಗಿ ಫೋನ್ ನಿಧಾನವಾಗಿದೆ. ಇನ್‌ಬಾಕ್ಸ್ ಕ್ಲೀನ್ ಮಾಡುವ ಆ್ಯಪ್ ಹಾಕಿಕೊಳ್ಳಲೇ?

ಉತ್ತರ: ಫೋನ್ ನಿಧಾನವಾಗಿದ್ದಕ್ಕೆ ಹಳೆಯ ಮೇಲ್ ಮೇಲೆ ಗೂಬೆ ಕೂರಿಸಬೇಡಿ. ಅವು ಇರುವುದು ಸರ್ವರ್‌ನಲ್ಲಿ. ಅಂಥ ಆ್ಯಪ್‌ಗಳು ನಿಮ್ಮ ಮೇಲ್‌ಗಳನ್ನು ಓದುವ, ಅಳಿಸುವ ಅನುಮತಿ ಕೇಳುತ್ತವೆ. ಬೇರೆ ಖಾತೆಗಳ ಪಾಸ್‌ವರ್ಡ್ ಬದಲಿಸುವ ಲಿಂಕ್ ಬರುವುದೂ ನಿಮ್ಮ ಇನ್‌ಬಾಕ್ಸ್‌ಗೇ. ಗೊತ್ತಿಲ್ಲದವರ ಕೈಗೆ ಅದನ್ನು ಕೊಡಬೇಡಿ ಅಂತ ಎಷ್ಟು ಸಲ ಹೇಳಲಿ? ಜಾಗ ಸಾಲದಿದ್ದರೆ ದೊಡ್ಡ ಅಟ್ಯಾಚ್‌ಮೆಂಟ್ ಹುಡುಕಿ ನೀವೇ ಅಳಿಸಿ. ಗೂಗಲ್ ಪುಕ್ಕಟೆ ಕೊಡುವ 15 ಜಿಬಿಯನ್ನು ಡ್ರೈವ್, ಫೋಟೋಸ್ ಕೂಡ ಹಂಚಿಕೊಳ್ಳುತ್ತವೆ, ಅವನ್ನೂ ನೋಡಿ.

ಪ್ರಶ್ನೆ: ಬ್ಯಾಕಪ್ ನಿಜಕ್ಕೂ ಬೇಕೇ?

ಉತ್ತರ: ಬೇಕು. ಎರಡು ವರ್ಷ ಮುಟ್ಟದ ವೈಯಕ್ತಿಕ ಖಾತೆಯನ್ನು ಗೂಗಲ್ ಅಳಿಸಬಹುದು. ಪಾಸ್‌ವರ್ಡ್ ಕಳ್ಳರ ಕಾಟ ಬೇರೆ. ನಿಮ್ಮ ಡೇಟಾದ ಪ್ರತಿ ಇಳಿಸಿಕೊಳ್ಳಲು ಗೂಗಲ್ ಕೊಡುವ ಸೇವೆ ಗೂಗಲ್ ಟೇಕ್‌ಔಟ್. ಅಲ್ಲಿಂದ ಎಂಬಾಕ್ಸ್ (mbox) ಫೈಲ್, ಅಂದರೆ ಮೇಲ್‌ಗಳನ್ನೆಲ್ಲ ಒಟ್ಟಿಗೆ ಇಟ್ಟ ಫೈಲ್, ಇಳಿಸಿ, ಹೊರಗಿನ ಡಿಸ್ಕ್‌ನಲ್ಲಿಡಿ. ಕಂಪ್ಯೂಟರಿನಲ್ಲಿ ಮೇಲ್ ಓದುವ ಪುಕ್ಕಟೆ ತಂತ್ರಾಂಶ ಥಂಡರ್‌ಬರ್ಡ್‌ಗೆ ಅದನ್ನು ತುಂಬಿಸಿ, ಯಾವುದಾದರೂ ಹಳೆಯ ಮೇಲ್ ಅಲ್ಲಿ ತೆರೆಯುತ್ತದೆಯೇ ಅಂತ ಅವತ್ತೇ ನೋಡಿಬಿಡಿ.