ಬೀದರಿನ ಚರ್ಚುಗಳಲ್ಲಿ ನೋಡಲು ಏನಿದೆ?

ಪತ್ರ: “ಬೀದರಿನ ಹಳೆಯ ಚರ್ಚುಗಳಿಗೆ ಎರಡು ಪುಟ ಕೊಟ್ಟಿದ್ದೀರಿ. ಗೋವೆಯ ಚರ್ಚುಗಳನ್ನು ಕಂಡವರಿಗೆ ಅಲ್ಲಿ ನೋಡಲು ಏನಿದೆ? ಪ್ರವಾಸಿಗರಿಗೆ ಕೋಟೆ, ಮದರಸಾ ಸಾಲದೇ?” — ಓದುಗರೊಬ್ಬರು, ಕಲಬುರಗಿ

ಮಾನ್ಯರೇ, ಗೋವೆಯ ವೈಭವವನ್ನು ಒಪ್ಪುತ್ತೇನೆ. 1605ರಲ್ಲಿ ಪ್ರತಿಷ್ಠೆಗೊಂಡ ಬಾಮ್ ಜೀಸಸ್ ಬೆಸಿಲಿಕಾದ ಎದುರು ನಾನೂ ಕತ್ತೆತ್ತಿ ನಿಂತಿದ್ದೇನೆ. ಆದರೆ ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಹಿಡಿಯುವುದಕ್ಕೆ ಸುಮಾರು 40 ವರ್ಷ ಮೊದಲೇ ಅಫನಾಸಿ ನಿಕಿತಿನ್ ಎಂಬ ರಷ್ಯಾದ ಕ್ರೈಸ್ತ ವ್ಯಾಪಾರಿ ಮಾರಲೆಂದು ಕುದುರೆಯೊಂದನ್ನು ಹಿಡಿದುಕೊಂಡು ಬೀದರಿಗೆ ಬಂದಿದ್ದ. ದಾರಿಯಲ್ಲಿ ದರೋಡೆಕೋರರು ಅವನ ಧರ್ಮಗ್ರಂಥಗಳನ್ನೂ ದೋಚಿದ್ದರು. ಈಸ್ಟರ್ ಯಾವ ದಿನವೆಂದು ತಿಳಿಯದೆ ಅಂದಾಜಿನ ಮೇಲೆ ಉಪವಾಸ ಮಾಡಿದ. ಆ ಸಂಕಟವನ್ನು ಬರೆದೂ ಇಟ್ಟ. ನೀವು ಹೇಳುವ, ಬಹಮನಿ ಮಂತ್ರಿ ಮಹಮೂದ್ ಗವಾನನ ಮದರಸಾ (1472) ಮೇಲೇಳುತ್ತಿದ್ದ ಕಾಲವದು. ಕೋಟೆಯ ದಾರಿಯಲ್ಲಿ ನಡೆಯುವಾಗ ಸುಲ್ತಾನರಿಗಿಂತ ಮೊದಲು ನನಗೆ ಈ ಒಂಟಿ ಮನುಷ್ಯ ನೆನಪಾಗುತ್ತಾನೆ.

ಮೆಥಡಿಸ್ಟ್ ಎಂಬ ಪ್ರೊಟೆಸ್ಟೆಂಟ್ ಪಂಗಡದ ಮಿಶನರಿಗಳು ಬೀದರಿಗೆ ಬಂದದ್ದು ಬಹಳ ತಡವಾಗಿ, ನಿಜಾಮರ ಆಳ್ವಿಕೆಯಲ್ಲಿ. ಕಚೇರಿಯ ಭಾಷೆ ಉರ್ದುವಾಗಿದ್ದ ಆ ದಿನಗಳಲ್ಲಿ ಹಳ್ಳಿಯ ಅನೇಕ ದಲಿತ ಕುಟುಂಬಗಳು ಚರ್ಚಿನಲ್ಲಿ ಕನ್ನಡದಲ್ಲೇ ಪ್ರಾರ್ಥಿಸಿದವು. 1831ರ ಹೊತ್ತಿಗೆ ಬಳ್ಳಾರಿಯಲ್ಲಿ ಕನ್ನಡ ಬೈಬಲ್ ಪೂರ್ತಿ ಅಚ್ಚಾಗಿತ್ತು. ಕಿಟೆಲರ ನಿಘಂಟನ್ನು ಕೊಂಡಾಡುವ ನಾವು ಈ ಬಡವರ ಕನ್ನಡವನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಕಳೆದ ವರ್ಷ ಬೀದರಿನ ಚರ್ಚೊಂದರಲ್ಲಿ ವೃದ್ಧೆಯೊಬ್ಬರು ದಾರದಿಂದ ಹೊಲಿದ ಕೀರ್ತನೆಯ ಪುಸ್ತಕವನ್ನು ಸೆರಗಿನಿಂದ ಒರೆಸಿ ನನ್ನ ಕೈಗಿಟ್ಟರು. “ನಮ್ಮ ಅಜ್ಜಿ ಅಕ್ಷರ ಕಲಿತದ್ದೇ ಇದರಲ್ಲಿ” ಎಂದರು. ಇದಕ್ಕಿಂತ ದೊಡ್ಡ ಸ್ಮಾರಕವನ್ನು ಯಾವ ಕೋಟೆಯಲ್ಲಿ ಹುಡುಕಲಿ?

ನನ್ನ ಸಿಟ್ಟು ನಿಮ್ಮ ಮೇಲಲ್ಲ. ನಮ್ಮ ಭಾಗದ ಪ್ರವಾಸದ ಕರಪತ್ರ ಯಾವುದನ್ನೇ ತೆರೆಯಿರಿ, ಅವೇ ಮೂರು ಚಿತ್ರಗಳು. ಒಂದು ಊರಿನ ಹಳೆಯ ಚರ್ಚಿನಲ್ಲಿ ಶಹಾಬಾದ್ ಕಲ್ಲಿನ ನೆಲವನ್ನು ಕಿತ್ತು ಹೊಳೆಯುವ ಟೈಲ್ಸ್ ಹಾಸಿದ್ದಾರೆ. ದೀಕ್ಷಾಸ್ನಾನದ ಹಳೆಯ ದಾಖಲೆ ಪುಸ್ತಕಗಳನ್ನು ಕೇಳಿದೆ. ಗೆದ್ದಲು ತಿಂದಿತು ಎಂದರು. ಎಷ್ಟೋ ಮನೆತನಗಳ ಹೆಸರು ಮೊದಲ ಬಾರಿಗೆ ಕಾಗದಕ್ಕೆ ಇಳಿದದ್ದು ಅಲ್ಲಿ. ದೇವಸ್ಥಾನದ ಶಾಸನಕ್ಕೆ ಸುಣ್ಣ ಬಳಿಯುವವರೂ ದರ್ಗಾದ ಹಳೆಯ ಬಾಗಿಲನ್ನು ಗುಜರಿಗೆ ಹಾಕುವವರೂ ಮಾಡುತ್ತಿರುವುದು ಇದೇ ಅನ್ಯಾಯ.

ಕಲಬುರಗಿಯಿಂದ ಬೀದರಿಗೆ ಈಗ ರೈಲೂ ಇದೆ. ಒಂದು ಭಾನುವಾರ ಹೋಗಿ, ಆರಾಧನೆ ಮುಗಿಯುವವರೆಗೆ ಹಿಂದಿನ ಬೆಂಚಿನಲ್ಲಿ ಕುಳಿತಿರಿ. ಆಮೇಲೆ ಹಿರಿಯರನ್ನು ಮಾತನಾಡಿಸಿ, ಕೇಳಿದ್ದನ್ನು ಬರೆದು ಕಳುಹಿಸಿ. ಒಂದು ಪುಟ ನಿಮಗಾಗಿ ತೆಗೆದಿರಿಸುತ್ತೇನೆ.

— ಸಂಪಾದಕ