ರಿವ್ಯೂನಲ್ಲೇ ಕೂತ ಕೋಡ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮದು ಐದು ಜನರ ಸಣ್ಣ ಸಾಫ್ಟ್‌ವೇರ್ ಕಚೇರಿ. ನನ್ನ ಪುಲ್ ರಿಕ್ವೆಸ್ಟ್‌ಗಳನ್ನು (ಬರೆದ ಕೋಡನ್ನು ಪರಿಶೀಲಿಸಿ ಮುಖ್ಯ ಕೋಡಿಗೆ ಸೇರಿಸಿ ಎಂಬ ಕೋರಿಕೆ) ನಾಲ್ಕೈದು ದಿನ ಯಾರೂ ನೋಡುವುದಿಲ್ಲ. ಆಮೇಲೆ ಸೀನಿಯರ್ ಒಬ್ಬರು ರಾಶಿ ಕಾಮೆಂಟ್ ಹಾಕುತ್ತಾರೆ, ಹೆಚ್ಚಿನವು ಸ್ಪೇಸು, ಬ್ರಾಕೆಟ್ಟಿನ ಬಗ್ಗೆ. ಕೆಲಸ ತಡವಾಗುತ್ತಿದೆಯೆಂದು ಮಾಲೀಕರು ಇನ್ನೂ ಮೂವರನ್ನು ತೆಗೆದುಕೊಳ್ಳುತ್ತಾರಂತೆ. ಸರಿಹೋದೀತೇ?
– ಓದುಗರು, ಹಾಸನ

ಉತ್ತರ: ಸದ್ಯಕ್ಕೆ ಇಲ್ಲ. ಹೊಸಬರಿಗೆ ಕೋಡ್ ಪರಿಚಯ ಮಾಡಿಕೊಡಬೇಕಾದವರೂ ಅದೇ ಸೀನಿಯರ್ ತಾನೇ? ಐವರಿದ್ದಾಗ ಪರಸ್ಪರ ಮಾತಾಡಬೇಕಾದ ಜೋಡಿಗಳು 10. ಎಂಟು ಮಂದಿಯಾದರೆ 28. ತಡವಾದ ಪ್ರಾಜೆಕ್ಟಿಗೆ ಜನ ಸೇರಿಸಿದರೆ ಇನ್ನಷ್ಟು ತಡವಾಗುತ್ತದೆಂದು, ಐಬಿಎಂನಲ್ಲಿ ಓಎಸ್/360 ಎಂಬ ಆಪರೇಟಿಂಗ್ ಸಿಸ್ಟಮ್ಮಿನ ಕೆಲಸ ನಡೆಸಿದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದರು.

ಒಂದೊಂದು ರಿಕ್ವೆಸ್ಟ್ ಎಷ್ಟು ಸಾಲಿನದು, ನೋಡಿ. ಸಾವಿರ ದಾಟಿದ್ದರೆ ತರ್ಕವನ್ನು ಹಿಡಿದು ಓದುವ ತಾಳ್ಮೆ ಯಾರಿಗೂ ಉಳಿಯದು. ಕಣ್ಣಿಗೆ ಬೀಳುವುದು ಸ್ಪೇಸೇ. 200ರಿಂದ 400 ಸಾಲಿನೊಳಗೆ ಇಡಿ. ಹೆಸರು ಬದಲಿಸಿದ್ದು, ಫೈಲ್ ಸರಿಸಿದ್ದು ಒಂದು ರಿಕ್ವೆಸ್ಟ್, ಡೇಟಾಬೇಸ್ ಬದಲಾವಣೆ ಇನ್ನೊಂದು, ಲಾಜಿಕ್ ಮತ್ತು ಅದರ ಟೆಸ್ಟ್ ಮತ್ತೊಂದು, ಸ್ಕ್ರೀನ್ ಕೊನೆಗೆ. ಅರ್ಧ ಮುಗಿದ ಸ್ಕ್ರೀನನ್ನು ಫೀಚರ್ ಫ್ಲ್ಯಾಗ್ (ಬೇಕಾದಾಗ ಆನ್, ಆಫ್ ಮಾಡುವ ಸ್ವಿಚ್) ಹಿಂದೆ ಮುಚ್ಚಿಟ್ಟು ಮರ್ಜ್ ಮಾಡಬಹುದು, ಅಂದರೆ ಮುಖ್ಯ ಕೋಡಿಗೆ ಸೇರಿಸಬಹುದು. ವಿವರಣೆಯಲ್ಲಿ ಯಾಕೆ ಬದಲಿಸಿದಿರಿ, ಹೇಗೆ ಪರೀಕ್ಷಿಸಿದಿರಿ ಎಂದು ಬರೆಯಿರಿ. ಏನು ಬದಲಿಸಿದಿರಿ ಎನ್ನುವುದು ಕೋಡಿನಲ್ಲೇ ಕಾಣುತ್ತದೆ.

ಸ್ಪೇಸಿನ ಜಗಳವನ್ನು, ಕೋಡನ್ನು ತಾನೇ ಒಂದೇ ಶೈಲಿಗೆ ತರುವ ಫಾರ್ಮ್ಯಾಟರ್‌ಗೆ ಬಿಡಿ. ಒಮ್ಮೆ ಇಡೀ ಕೋಡ್‌ಗೆ ಓಡಿಸಿ, ಆಮೇಲೆ ಪ್ರತಿ ಬಿಲ್ಡ್‌ನಲ್ಲೂ (ಕೋಡನ್ನು ಓಡುವ ಪ್ರೋಗ್ರಾಂ ಆಗಿಸುವ ಹಂತ) ತಪಾಸಣೆ ಇಡಿ. ತೆರೆದ ಬ್ರಾಂಚ್‌ಗಳು (ಒಬ್ಬೊಬ್ಬರು ಪ್ರತ್ಯೇಕವಾಗಿ ಕೆಲಸ ಮಾಡುತ್ತಿರುವ ಕೋಡಿನ ಕವಲುಗಳು) ಕಡಿಮೆ ಇರುವ ದಿನ ನೋಡಿಕೊಂಡು ಓಡಿಸಿ, ಇಲ್ಲದಿದ್ದರೆ ಎಲ್ಲರ ಕೋಡಲ್ಲೂ ಮರ್ಜ್ ಕಾನ್‌ಫ್ಲಿಕ್ಟ್, ಅಂದರೆ ಒಂದೇ ಸಾಲಿನಲ್ಲಿ ಎರಡು ಬದಲಾವಣೆಗಳ ಡಿಕ್ಕಿ. ಆ ಕಮಿಟ್ಟನ್ನು (ದಾಖಲಾದ ಬದಲಾವಣೆಯನ್ನು) ಗಿಟ್ ಬ್ಲೇಮ್ (ಯಾವ ಸಾಲನ್ನು ಕೊನೆಗೆ ಯಾರು ಬದಲಿಸಿದರೆಂದು ತೋರಿಸುವ ಆಜ್ಞೆ) ಕಡೆಗಣಿಸುವ ಪಟ್ಟಿಗೆ ಸೇರಿಸದಿದ್ದರೆ ಬದಲಾದ ಪ್ರತಿ ಸಾಲಿನ ಮೇಲೂ ಓಡಿಸಿದವರ ಹೆಸರೇ ಬರುತ್ತದೆ.

ರಿವ್ಯೂಗೆ ಒಬ್ಬರ ಹೆಸರು ಹಾಕಿ. ಎಲ್ಲರನ್ನೂ ಟ್ಯಾಗ್ ಮಾಡಿದರೆ ಇನ್ನೊಬ್ಬರು ನೋಡಿಯಾರು ಎಂದು ಎಲ್ಲರೂ ಸುಮ್ಮನಿರುತ್ತಾರೆ. ಒಂದು ಕೆಲಸದ ದಿನದೊಳಗೆ ಮೊದಲ ಉತ್ತರ ಎಂದು ಟೀಮಿನಲ್ಲಿ ಒಪ್ಪಿಕೊಳ್ಳಿ. ಕಾಮೆಂಟಿನ ಮುಂದೆ ‘ಕಡ್ಡಾಯ’, ‘ಸಲಹೆ’ ಎಂದು ಬರೆದರೆ ಮರ್ಜ್ ತಡೆಯುವುದು ಯಾವುದೆಂದು ತಿಳಿಯುತ್ತದೆ. ಎರಡು ಸುತ್ತು ವಾದವಾದ ಮೇಲೂ ಮುಗಿಯದಿದ್ದರೆ ಎದ್ದು ಹೋಗಿ ಪಕ್ಕದಲ್ಲಿ ಕೂತು ಮಾತಾಡಿ, ತೀರ್ಮಾನವನ್ನು ರಿಕ್ವೆಸ್ಟ್‌ನಲ್ಲೇ ಬರೆದಿಡಿ.

ಪ್ರಶ್ನೆ: ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಇರುವುದಿಲ್ಲ. ಸ್ಟ್ಯಾಂಡಪ್ (ಟೀಮಿನ ದಿನನಿತ್ಯದ ಚುಟುಕು ಸಭೆ) ತಪ್ಪುತ್ತದೆ, ಬೆಂಗಳೂರಿನ ಟೀಮಿಗೆ ಕೋಪ.
– ಓದುಗರು, ಮೂಡಿಗೆರೆ

ಉತ್ತರ: ಅವರ ಕೋಪ ಸಭೆಯದ್ದಲ್ಲ, ಕೆಲಸ ನಿಮ್ಮ ಲ್ಯಾಪ್‌ಟಾಪಿನಲ್ಲೇ ಸಿಕ್ಕಿಬೀಳುವುದರದ್ದು. ಅರ್ಧವಾಗಿದ್ದರೂ ಸಂಜೆಗೆ ನಿಮ್ಮ ಬ್ರಾಂಚನ್ನು ಪುಶ್ ಮಾಡಿ, ಅಂದರೆ ಟೀಮಿಗೆ ಸಿಗುವ ಸರ್ವರಿಗೆ ಕಳಿಸಿ. ಎಲ್ಲಿಗೆ ನಿಂತಿದೆ, ಮುಂದೇನು ಎಂದು ಎರಡು ಸಾಲು ಬರೆಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಟ್ಯಾಂಡಪ್ಪನ್ನು ಚಾಟ್‌ನಲ್ಲಿ ಬರೆಯುವ ರೂಢಿಗೆ ತನ್ನಿ ಎಂದು ಲೀಡ್‌ಗೆ ಈಗಲೇ ಕೇಳಿ. ರೂಟರ್‌ ಇನ್ವರ್ಟರ್ ಲೈನಿನಲ್ಲಿದೆಯೇ ಅಂತಲೂ ನೋಡಿಕೊಳ್ಳಿ.