ರಸ್ತೆಯಲ್ಲಿ ನಿಂತ ಕುದುರೆ ಯಾರದ್ದು?

ಪ್ರಶ್ನೆ: ಮಗಳು ಅಳಿಯ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿದ್ದಾರೆ. ನಾವು ಹೋದಾಗ ನ್ಯೂ ಫಾರೆಸ್ಟ್ ಅನ್ನುವ ಕಾಡಿನ ಒಳಗಿನ ಮಿನ್‌ಸ್ಟೆಡ್ ಅಂತ ಒಂದು ಸಣ್ಣ ಹಳ್ಳಿ ತೋರಿಸಿದ್ರು. ರಸ್ತೆ ಮಧ್ಯದಲ್ಲೇ ಕುದುರೆಗಳು, ಕಾರಿನವರು ಸುಮ್ಮನೆ ಕಾಯ್ತಾರೆ. ಅವು ಕಾಡುಕುದುರೆಗಳಾ, ಸಾಕಿದ್ದಾ? ಮತ್ತೆ ಅಲ್ಲಿ ರಾಜ ಸತ್ತ ಕಲ್ಲು ಅಂತ ಒಂದು ಉಂಟಲ್ಲ, ಅದರ ಕತೆ ಎಂತ?
– ಓದುಗರು, ಕಾರ್ಕಳ

ಉತ್ತರ: ಎಲ್ಲವೂ ಸಾಕಿದ್ದೇ ಮಾರಾಯ್ರೆ, ಒಂದೊಂದಕ್ಕೂ ಧಣಿ ಇದ್ದಾರೆ, ಮೈಮೇಲೆ ಅವರವರ ಬರೆ ಇರ್ತದೆ. ಅವರಿಗೆ ಕಾಮನರ್ಸ್ ಅಂತ ಹೆಸರು. ಕಾಡಿನಲ್ಲಿ ದನ, ಕುದುರೆ ಬಿಡುವ ಹಕ್ಕು ಬರುವುದು ಮನುಷ್ಯನ ಹೆಸರಿಗಲ್ಲ, ಅವನ ಮನೆ ಜಾಗಕ್ಕೆ. ಕಾರ್ಕಳದವರಿಗೆ ಇದನ್ನು ಬಿಡಿಸಿ ಹೇಳುವುದೇ ಬೇಡ, ನಮ್ಮ ಕುಮ್ಕಿಯೂ ಹಾಗೇ ಅಲ್ವಾ, ವರ್ಗ ಜಾಗದ, ಅಂದ್ರೆ ಪಟ್ಟಾ ಜಾಗದ ಸುತ್ತ 100 ಗಜದೊಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಸೌದೆ, ಮೇವು, ಜಾಗ ಇದ್ದವನಿಗೆ ಅನುಭೋಗ. ಅಲ್ಲಿಯೂ ಸೌದೆಯ ಹಕ್ಕು ಉಂಟು, ಹಂದಿ ಬಿಡುವ ಹಕ್ಕೂ ಉಂಟು. ಹಂದಿಯದ್ದು ಭಾರೀ ಚಂದ: ಓಕ್ ಮರದ ಹಸಿ ಕಾಯಿ ತಿಂದ್ರೆ ದನ ಕುದುರೆಗೆ ವಿಷ, ಹಂದಿಗೆ ಏನೂ ಆಗುವುದಿಲ್ಲ, ಹಾಗಾಗಿ ಕಾಯಿ ಉದುರುವ ಕಾಲಕ್ಕೆ ಕಡಿಮೆ ಅಂದ್ರೂ 60 ದಿನ ಹಂದಿಗಳನ್ನು ಕಾಡಿಗೆ ಬಿಡ್ತಾರೆ, ನೆಲ ಅಗೆಯಬಾರದು ಅಂತ ಮೂಗಿಗೆ ರಿಂಗ್ ಹಾಕಿಯೇ ಬಿಡುವುದು.

ಈ ಹಕ್ಕು ಉಳಿದದ್ದು ಸುಲಭದಲ್ಲಿ ಅಲ್ಲ. ಸುಮಾರು 1079ರಲ್ಲಿ ಇಂಗ್ಲೆಂಡಿನ ರಾಜ ಒಂದನೇ ವಿಲಿಯಂ ಇದನ್ನು ತನ್ನ ಬೇಟೆಕಾಡು ಮಾಡಿಕೊಂಡ, ಜಿಂಕೆ ಓಡಾಟಕ್ಕೆ ಅಡ್ಡ ಅಂತ ಹಳ್ಳಿಯವರು ಬೇಲಿ ಹಾಕುವ ಹಾಗೂ ಇರಲಿಲ್ಲ. 1217ರ ಫಾರೆಸ್ಟ್ ಚಾರ್ಟರ್ ಅನ್ನುವ ರಾಜನ ಸನ್ನದಿನಲ್ಲಿ ಸಾಮಾನ್ಯ ಜನಕ್ಕೆ ಕಾಡಿನ ಹಕ್ಕು ಬರಹದಲ್ಲಿ ಸಿಕ್ಕಿತು. ರಾಜನ ಅಧಿಕಾರಕ್ಕೆ ಮಿತಿ ಹಾಕಿದ 1215ರ ಸನ್ನದು ಮ್ಯಾಗ್ನಾ ಕಾರ್ಟಾದ ಹೆಸರು ಎಲ್ಲರ ಬಾಯಲ್ಲೂ ಉಂಟು, ಬಡವನ ಹೊಟ್ಟೆಗೆ ಹತ್ತಿರ ಇದ್ದದ್ದು ಇದು, ಇದನ್ನು ಕೇಳುವವರೇ ಇಲ್ಲ. ಆಮೇಲೆ 1851ರಲ್ಲಿ ಸರ್ಕಾರ ಜಿಂಕೆ ತೆಗೆದು ಬೇಲಿ ಹಾಕಿ ಮರ ಬೆಳೆಸಲಿಕ್ಕೆ ಹೊರಟಾಗ ಮೇವಿನ ಜಾಗವೇ ಹೋಗುವ ಹಾಗಾಯ್ತು, ಜನ ಬಿಡಲಿಲ್ಲ, ಕೊನೆಗೆ 1877ರ ಕಾಯ್ದೆ ಬಂದು ವರ್ಡರರ್ಸ್ ಕೋರ್ಟಿಗೆ ಕಾಮನರ್‌ಗಳ ಹಕ್ಕು ಕಾಯುವ ಕೆಲಸ ಕೊಟ್ಟರು. ಆ ಕಾಡಿನದ್ದೇ ಲಿಂಡ್‌ಹರ್ಸ್ಟ್ ಊರಿನಲ್ಲಿ ಆ ಕೋರ್ಟ್ ಈಗಲೂ ನಡೀತದೆ, ಯಾರು ಬೇಕಾದ್ರೂ ಎದ್ದು ನಿಂತು ತಮ್ಮ ಅಹವಾಲು ಹೇಳಬಹುದು. ಅವರ ಕೈಕೆಳಗೆ ಅಜಿಸ್ಟರ್‌ಗಳು ಅಂತ ಇದ್ದಾರೆ, ಧಣಿ ಮೇಯಿಸುವ ಶುಲ್ಕ ಕಟ್ಟಿದ ಕುದುರೆಯ ಬಾಲದ ಕೂದಲನ್ನು ಒಂದು ನಮೂನೆಯಲ್ಲಿ ಕತ್ತರಿಸ್ತಾರೆ, ಒಬ್ಬೊಬ್ಬ ಅಜಿಸ್ಟರ್‌ದು ಒಂದೊಂದು ನಮೂನೆ, ಬಾಲ ನೋಡಿಯೇ ಯಾವ ಭಾಗದ್ದು ಅಂತ ಗೊತ್ತಾಗ್ತದೆ.

ನನಗೆ ಇಷ್ಟ ಆಗುವುದು ಇದೇ, ಹಕ್ಕಿನ ಜೊತೆ ನೋಡಿಕೊಳ್ಳುವವರೂ ಇದ್ದಾರೆ. ಕುದುರೆ ಮೇಯುವುದರಿಂದಲೇ ಅಲ್ಲಿ ಮುಳ್ಳುಪೊದೆ ಏರದೆ ಬಯಲು ಬಯಲಾಗಿ ಉಳಿದದ್ದು. ನಮ್ಮಲ್ಲಿ ಕುಮ್ಕಿ ಅಂದ್ರೆ ಈಗ ಸೊಪ್ಪಿನ ಮಾತಿಲ್ಲ, ಸೆಂಟ್ಸಿಗೆ ಎಷ್ಟು ಅಂತ ಮಾತ್ರ. ಇದು ಬೇಸರದ ಸಂಗತಿ, ಗುಡ್ಡೆ ಬೋಳಾದ್ರೆ ಕೆಳಗಿನ ತೋಟದ ಕೆರೆಗೆ ನೀರು ಎಲ್ಲಿಂದ?

ರಾಜನ ಕತೆ ನಿಜವೇ. ಆ ವಿಲಿಯಂನ ಮಗ ಎರಡನೇ ವಿಲಿಯಂ, ರೂಫಸ್ ಅಂತ ಕರೀತಾರೆ, 1100ರ ಆಗಸ್ಟ್ 2ಕ್ಕೆ ಇದೇ ಕಾಡಿನಲ್ಲಿ ಬೇಟೆಯಾಡುವಾಗ ಬಾಣ ತಾಗಿ ಸತ್ತ. ಬಿಟ್ಟವ ಜೊತೆಗೆ ಬೇಟೆಗೆ ಬಂದಿದ್ದ ವಾಲ್ಟರ್ ಟಿರೆಲ್ ಅಂತಾರೆ, ಬೇಕಂತಲೇ ಬಿಟ್ಟದ್ದಾ ಕೈತಪ್ಪಿದ್ದಾ ಅಂತ ಇನ್ನೂ ವಾದ ಉಂಟು, ಯಾಕಂದ್ರೆ ಮೂರೇ ದಿನದಲ್ಲಿ ತಮ್ಮ ಹೆನ್ರಿ ಕಿರೀಟ ಇಟ್ಟುಕೊಂಡಾಗಿತ್ತು. ಹೆಣವನ್ನು ಗಾಡಿಯಲ್ಲಿ ಹಾಕಿ ವಿಂಚೆಸ್ಟರ್‌ಗೆ ಮುಟ್ಟಿಸಿದ್ದು ಇದ್ದಿಲು ಸುಡುವ ಒಬ್ಬ ಬಡವ ಅಂತ ಊರಿನವರು ಹೇಳಿಕೊಂಡು ಬಂದದ್ದು. ಕಲ್ಲು ನೆಟ್ಟದ್ದು 1745ರಲ್ಲಿ, ಜಾಗ ಅದೇನಾ ಅಂತ ತಕರಾರು ಉಂಟು.

ಇನ್ನೊಮ್ಮೆ ಹೋದ್ರೆ ಮಿನ್‌ಸ್ಟೆಡ್ ಚರ್ಚ್ ಹಿಂದಿನ ಓಕ್ ಮರದ ಹತ್ತಿರ ಹೋಗಿ, ಶೆರ್ಲಾಕ್ ಹೋಮ್ಸ್ ಬರೆದ ಕಾನನ್ ಡಾಯ್ಲ್ ಸಮಾಧಿ ಅಲ್ಲಿಯೇ ಇರುವುದು. ಕುದುರೆಗೆ ಬ್ರೆಡ್ಡು, ಕ್ಯಾರೆಟ್ ಮಾತ್ರ ಕೊಡಬೇಡಿ, ಕೊಟ್ಟರೆ ರುಚಿ ಹಿಡಿದು ರಸ್ತೆ ಬದಿಗೇ ಬರ್ತವೆ, ಗಾಡಿ ತಾಗಿ ಸಾಯ್ತವೆ.